ಮಾರಾಂವನ ಬಾಯಿ, ಎತ್ತಿನ ಬಾಯಿ

ರೈತ ಬಾಂಧವರಿಗೆ ನಮಸ್ಕಾರ. ಮುಂಗಾರಿ ಬಿತ್ತಿಗಿ ಬಂತು, ಎತ್ತು ತರಾಕ ಹಾವೇರಿ ದನದ ಸಂತಿಗೆ ಹೊಂಟೀರಿ. ನಂದು ಒಂದ ಮಾತು: ಮಾರಾಂವನ ಬಾಯಿ ಬಿಡ್ರಿ, ಎತ್ತಿನ ಬಾಯಿ ನೋಡ್ರಿ. ವಯಸ್ಸು ಹಲ್ಲಿನ್ಯಾಗ ಗೊತ್ತಾಗತೈತಿ.

ದನಕ್ಕ ಮುಂದಿನ ಹಲ್ಲು ಕೆಳಗಷ್ಟ, ಒಟ್ಟು 8. ಮ್ಯಾಲ ಬರೇ ವಸಡು. ಮ್ಯಾಲಿನವು ಉದುರ್ಯಾವ ಅಂತ ಜಗಳ ತಗೀಬ್ಯಾಡ್ರಿ, ಅವು ಹುಟ್ಟೂದ ಇಲ್ಲ! 2 ವರ್ಷ ದಾಟಿದ ಮ್ಯಾಲ ನಡುವಿನ 2 ಹಾಲಹಲ್ಲು ಬಿದ್ದು ದೊಡ್ಡವು ಬರ್ತಾವ. 3 ವರ್ಷದ ಸುಮಾರಿಗೆ ದೊಡ್ಡ ಹಲ್ಲು 4, 4 ವರ್ಷದ ಹತ್ತಿರ 6, 5 ವರ್ಷದ ಹೊತ್ತಿಗೆ 8 ಆಗಿ ಬಾಯಿ ಕೂಡತೈತಿ.

ಸಂತ್ಯಾಗ ಓಡಾಡೂ ಕಥಿ ಒಂದೈತಿ. ಮಾರಾಂವ "ಆರು ಹಲ್ಲಿನ ಎತ್ತು" ಅಂದ. ಕೊಳ್ಳಾಂವ ಟವೆಲ್ ಕೆಳಗ ಬೆರಳು ಹಿಡದು ರೇಟು ಕುದುರಿಸಿ ವ್ಯವಹಾರ ಮುಗಿಸಿದ. ಮನ್ಯಾಗ ಎತ್ತು ಹಿಂಡಿ ತಿಂತು, ಜ್ವಾಳದ ಕಣಕಿ ಅರ್ಧಾ ಅಗದು ಉಗುಳ್ತು. ಅಜ್ಜ ಬಂದು ತುಟಿ ಎಳದು ಎಣಿಸಿದ. ಬರೋಬ್ಬರಿ ಆರ! ಮುಂದಿನ ಸಂತ್ಯಾಗ ಹಿಡದು ಕೇಳಿದ್ರ ಮಾರಾಂವ, "ನಾ ಏನ್ ಸುಳ್ಳು ಹೇಳೇನ್ರಿ? ಎರಡು ಉದುರಿ ಆರು ಉಳದಾವಲ್ಲ!"

ಖರೇ 6 ಹಲ್ಲಿನ ಬಾಯಾಗ ಅಂಚಿಗೆ 2 ಸಣ್ಣ ಹಾಲಹಲ್ಲು ಇನ್ನೂ ನಿಂತಿರ್ತಾವ. ಮುಪ್ಪಿನ ಬಾಯಾಗ ಹಲ್ಲು ಸವದು ಗೂಟದಂಗ ಆಗಿ ಸಂದು ಬಿಟ್ಟಿರ್ತಾವ. ಬರೇ ಎಣಿಸಿದ್ರ ಸಾಲೂದಿಲ್ರಿ. ಕೋಡಿನ ಉಂಗುರ ನೋಡ್ತೇನಿ ಅಂತೀರಿ. ಕೋಡು ಹೆರದು ಎಣ್ಣಿ ಹಚ್ಚಿದ್ರ ಉಂಗುರ ಎಲ್ಲಿ ಉಳೀತಾವ? ಬಾಯಿ ನೋಡ್ರಿ!

ಉಳದದ್ದು ಲಗೂ ಹೇಳ್ತೇನಿ. "ಎಡಕ್ಕ ಹೂಡ್ರಿ, ಬಂಗಾರದಂಗ ನಡೀತೈತಿ" ಅಂದ್ರ ಬಲಗಣ್ಣು ಪರೀಕ್ಷಾ ಮಾಡ್ರಿ. ಎಡಕ್ಕ ಹೂಡಿದ್ರ ಕುರುಡುಗಣ್ಣು ಜೋಡೆತ್ತಿನ ಮರ್ಯಾಗ ಉಳೀತೈತಿ. ಒಂದ ಬೆರಳು ಮೆಲ್ಲಕ ಕಣ್ಣಿನ ಹತ್ರ ತರ್ರಿ. ಅಂಗೈ ಬೀಸಿದ್ರ ಕುರುಡುಗಣ್ಣೂ ಗಾಳಿಗೆ ರೆಪ್ಪಿ ಬಡೀತೈತಿ. "ಭಾಳ ಸಾಧು, ಮಲಗಿದ್ರ ಮಲಗಿದಂಗ" ಅಂದ್ರ ಎಬ್ಬಿಸಿ ಗಟ್ಟಿ ರಸ್ತಾದ ಮ್ಯಾಲ ನಡಸ್ರಿ, ಸಂತಿ ಮೆತ್ತನ್ನ ಮಣ್ಣಾಗ ಕುಂಟು ಮುಚ್ಚಿ ಹೋಗತೈತಿ. ಒಂದು ಮುಂಗಾಲು ಊರಿದಾಗೆಲ್ಲ ತಲಿ ಮ್ಯಾಲ ಎತ್ತಿದ್ರ ಆ ಕಾಲ ನೋಯತೈತಿ.

ಎಮ್ಮಿದು ಹೇಳೂದು ಭಾಳ ಇತ್ತು, ಹೊತ್ತಾತು ಅಂತ ಸನ್ನಿ ಮಾಡಾಕತ್ತಾರ. "ಹೊತ್ತಿಗೆ 6 ಲೀಟರ್" ಅಂದ್ರ ಹಿಂದಿನ ಹೊತ್ತು ಹಿಂಡದ ಬಿಟ್ಟಿರಬಹುದು. ನಿಮ್ಮೆದುರಿಗೇ ಕೆಚ್ಚಲು ಖಾಲಿ ಮಾಡಿಸಿ, ಮುಂದಿನ ಎರಡು ಹೊತ್ತು ಅಳೀರಿ. ಹಾಂ, ಎಮ್ಮಿಗೂ ಬಾಯಿ ಐತಿ, ನೋಡ್ರಿ. ನಮಸ್ಕಾರ.