ಕೀಲಿಕೈ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆ ಹೊಡೆಯುತ್ತಿದ್ದರೂ ತೀರ್ಥಹಳ್ಳಿಯ ಸುತ್ತಮುತ್ತಲಿನ ಹಳ್ಳಿಗಳಿಂದ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಇವತ್ತು ಆಗಸ್ಟ್ 24. 2017ರ ಇದೇ ದಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದರು. ಆ ಪ್ರಕರಣಕ್ಕಿರುವ ಹೆಸರು ನಮ್ಮ ರಾಜ್ಯದವರದ್ದು. ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ. ಇವರು ಕೋರ್ಟಿಗೆ ಹೋದರು. 2024ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇವತ್ತಿನ ಮಾತು ಅವರ ನೆನಪಿಗೆ.

ಒಂಬತ್ತು ಜನ ಯಾಕೆ ಕೂರಬೇಕಾಯಿತು ಗೊತ್ತಾ? ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರದ ವಕೀಲರು ವಾದಿಸಿದ್ದರು. ಅದಕ್ಕೆ ಎರಡು ಹಳೆಯ ತೀರ್ಪು ತೋರಿಸಿದರು. 1954ರದ್ದು ಎಂಟು ಜನ ಕೂತು ಕೊಟ್ಟಿದ್ದು, 1962ರದ್ದು ಆರು ಜನ ಕೊಟ್ಟಿದ್ದು. ಅದನ್ನು ಬದಲಿಸಬೇಕಾದರೆ ಎಂಟಕ್ಕಿಂತ ಜಾಸ್ತಿ ಜನ ಬೇಕು. 1962ರದ್ದು ಖರಕ್ ಸಿಂಗ್ ಪ್ರಕರಣ. ಉತ್ತರ ಪ್ರದೇಶದಲ್ಲಿ ಅವರ ಮನೆಯ ಬಾಗಿಲನ್ನು ಪೊಲೀಸರು ರಾತ್ರಿ ಹೊತ್ತು ಬಂದು ತಟ್ಟುತ್ತಿದ್ದರು, ಒಳಗಿದ್ದಾನಾ ಇಲ್ಲವಾ ನೋಡೋದಕ್ಕೆ. ರಾತ್ರಿ ಹಾಗೆ ಬರುವುದು ತಪ್ಪು ಎಂದಿತು ಕೋರ್ಟು. ಆದರೆ ಖಾಸಗಿತನ ಅನ್ನೋ ಹಕ್ಕು ಸಂವಿಧಾನದಲ್ಲಿಲ್ಲ ಎಂದೂ ಹೇಳಿತು. ಅದನ್ನು ಸರಿ ಮಾಡಲು 55 ವರ್ಷ ಬೇಕಾಯಿತು.

ಸರಿ, ಹಕ್ಕು ಗಟ್ಟಿಯಾಯಿತು. ಇವತ್ತು ನಾನು ಕೇಳಬೇಕಾಗಿರೋದು ಒಂದೇ ಪ್ರಶ್ನೆ. ಕೀಲಿಕೈ ಯಾರ ಹತ್ತಿರ ಇದೆ?

ನನ್ನ ಚಿಕ್ಕಮ್ಮನ ಕಥೆ ಹೇಳುತ್ತೇನೆ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ, ಅವರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ಚಿಕ್ಕಪ್ಪ ಹೋಗಿ ಒಂದು ವರ್ಷವಾಗಿತ್ತು. ಚಿಕ್ಕಮ್ಮನ ಫೋನ್ ಬಚ್ಚಲಿನ ಹಂಡೆಗೆ ಬಿತ್ತು. ಬಿಸಿನೀರು, ಮುಗಿದೇ ಹೋಯಿತು. ಹೊಸ ಫೋನ್ ತಂದೆವು. ಅವರಿಗೆ ಆ ಫೋನ್ ಮುಖ್ಯವೇ ಅಲ್ಲ. "ಮಗಾ, ಅವರ ಫೋಟೋ ಎಲ್ಲ ಬರುತ್ತಲ್ವಾ?" ಅಂತ ಕೇಳಿದರು. ಬರುತ್ತೆ ಚಿಕ್ಕಮ್ಮ, ಎಲ್ಲ ಖಾತೆಯಲ್ಲಿ ಇರುತ್ತೆ ಅಂದೆ. ಖಾತೆಯ ಪಾಸ್‌ವರ್ಡ್ ಏನು? ಅವರಿಗೆ ಗೊತ್ತಿಲ್ಲ. ಖಾತೆ ಮಾಡಿಕೊಟ್ಟಿದ್ದು ಫೋನ್ ಮಾರಿದ ಅಂಗಡಿಯ ಹುಡುಗ. ಖಾತೆಗೆ ಜೋಡಿಸಿದ್ದ ನಂಬರೂ ಅವನದ್ದೇ!

ಇಲ್ಲಿ ಸುಮಾರು ಜನ ಪಕ್ಕದವರ ಮುಖ ನೋಡುತ್ತಿದ್ದೀರಿ. ನಿಮ್ಮ ಮನೆಯಲ್ಲೂ ಹೀಗೇ ಆಗಿದೆ, ಅಲ್ವಾ?

ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಅವರನ್ನಿವರನ್ನು ಕೇಳಿ ಕೊನೆಗೆ ಹುಡುಗನನ್ನು ಭದ್ರಾವತಿಯಲ್ಲಿ ಹಿಡಿದೆ. ಒಳ್ಳೆಯ ಹುಡುಗ. ನನ್ನನ್ನು ಕೂರಿಸಿ, ಅಟ್ಟ ಹತ್ತಿ ಒಂದು ನೋಟ್‌ಬುಕ್ ತಂದ. ಇನ್ನೂರು ಪುಟದ್ದು. ಹೆಸರು, ಊರು, ಪಾಸ್‌ವರ್ಡ್. ನಮ್ಮೂರಿನ ಮೇಷ್ಟ್ರು, ಭಟ್ಟರು, ಆಶಾ ಕಾರ್ಯಕರ್ತೆ, ಸೊಸೈಟಿ ಗುಮಾಸ್ತರು, ಎಲ್ಲರೂ ಅದರಲ್ಲಿದ್ದಾರೆ. ಒಂದು ಊರಿನ ಅಷ್ಟೂ ಮನೆಯ ಕೀಲಿಕೈ ಒಂದು ಅಟ್ಟದ ಮೇಲೆ! ಅವನು ಒಂದನ್ನೂ ಕೆಟ್ಟದ್ದಕ್ಕೆ ಬಳಸಲಿಲ್ಲ. ನಾಳೆ ನೀವು ಮರೆತು ಬಂದರೆ ಬೇಕಾಗುತ್ತೆ ಅಂತ ಬರೆದಿಟ್ಟಿದ್ದ. ಆದರೆ ಆ ಅಟ್ಟಕ್ಕೆ ಬೇರೆ ಯಾರೋ ಹತ್ತಿದ್ದರೆ?

ಚಿಕ್ಕಮ್ಮನ ಪಾಸ್‌ವರ್ಡ್ ಸಿಕ್ಕಿತು. ಒತ್ತಿದೆ. ಹೊಸ ಫೋನ್ ಆದ್ದರಿಂದ ಹಳೆಯ ನಂಬರಿಗೆ ಓಟಿಪಿ ಕಳಿಸುತ್ತೇವೆ ಅಂತ ಬಂತು. ಹುಡುಗ ಆ ಸಿಮ್ ಬಿಟ್ಟು ವರ್ಷವಾಗಿತ್ತು. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಯವರು ಬೇರೆಯವರಿಗೆ ಕೊಡಬಹುದು. ಕೊಟ್ಟಿದ್ದರು. ಫೋನ್ ಮಾಡಿದೆ. ಹೊಸಪೇಟೆ ಕಡೆಯ ಒಬ್ಬ ಲಾರಿ ಡ್ರೈವರ್ ಎತ್ತಿದರು. ಎಲ್ಲ ಬಿಡಿಸಿ ಹೇಳಿದೆ. ಚಿಕ್ಕಪ್ಪ ತೀರಿಕೊಂಡಿದ್ದು, ಹಂಡೆ, ನೋಟ್‌ಬುಕ್, ಎಲ್ಲ. ತಾಳ್ಮೆಯಿಂದ ಕೇಳಿದರು. ಆಮೇಲೆ ಹೇಳಿದರು: "ಸರ, ನೀವು ಖರೇನ ಹೇಳ್ತಿರಬಹುದು. ಆದ್ರ ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವ್ರು ಹೇಳ್ಯಾರ್ರೀ."

ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಹಾಗೇ ಇರಿ ಅಂತ ಹೇಳಿ ಫೋನ್ ಇಟ್ಟೆ. ಚಿಕ್ಕಮ್ಮನಿಗೆ ಹೇಗೆ ಹೇಳೋದು ಅಂತ ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತಿದ್ದೆ. ನೆಂಟರ ವಾಟ್ಸಾಪ್‌ಗಳಿಂದ ಒಂದಷ್ಟು ಫೋಟೋ ಕೂಡಿಸಿಕೊಟ್ಟೆವು. ಅಡಿಕೆ ಸುಲಿಯುವಾಗ ಚಿಕ್ಕಪ್ಪ ಹಾಡಿದ್ದನ್ನು ಅವರು ರೆಕಾರ್ಡ್ ಮಾಡಿಕೊಂಡಿದ್ದರು. ಅದು ಸಿಗಲಿಲ್ಲ.

ಆ ನೋಟ್‌ಬುಕ್ ಏನಾಯಿತು ಅಂತ ಕೇಳುತ್ತೀರಿ. ಹುಡುಗನೂ ನಾನೂ ಕೂತು, ಸಿಕ್ಕಷ್ಟು ಜನಕ್ಕೆ ಫೋನ್ ಮಾಡಿ, ಅವರವರ ಕೈಯಲ್ಲೇ ಪಾಸ್‌ವರ್ಡೂ ನಂಬರೂ ಬದಲಿಸಿದೆವು. ಆಮೇಲೆ ಅದನ್ನು ಬಚ್ಚಲೊಲೆಗೆ ಹಾಕಿದೆವು.

"ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಅಂತ ಕೇಳುವವರು ಜಾಸ್ತಿ. ನನ್ನ ಅಜ್ಜಿಯ ಸೊಂಟದಲ್ಲಿ ಕೀಲಿಗೊಂಚಲು ಇರುತ್ತಿತ್ತು. ಮರದ ಪೆಟ್ಟಿಗೆಯಲ್ಲಿ ಏನಿತ್ತು? ಜಮೀನಿನ ಕಾಗದ, ಜಾತಕ, ಅಜ್ಜ ಬರೆದ ನಾಲ್ಕು ಪತ್ರ. ಕದ್ದ ಮಾಲು ಒಂದೂ ಇರಲಿಲ್ಲ. ಆದರೂ ಬೀಗ ಇತ್ತು, ಕೀಲಿ ಅವರ ಸೊಂಟದಲ್ಲೇ ಇತ್ತು. ಬಾ ಪುಟ್ಟಾ ಅಂತ ಕರೆದು ಅವರೇ ತೆಗೆದು ತೋರಿಸುತ್ತಿದ್ದರು. ಯಾರಿಗೆ, ಯಾವಾಗ, ಎಷ್ಟು ತೋರಿಸಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಅವರು. ಖಾಸಗಿತನ ಅಂದರೆ ನನಗೆ ಅಜ್ಜಿಯೇ ಕಣ್ಣಮುಂದೆ ಬರುತ್ತಾರೆ.

ಕನ್ನಡದವರಿಗೆ ಇದು ಇನ್ನೊಂದು ರೀತಿಯಲ್ಲೂ ಗೊತ್ತು. ಇಲ್ಲಿ ಡಿಟಿಪಿ ಕೆಲಸ ಮಾಡಿದವರು ಇದ್ದೀರಾ? ಕೈ ಎತ್ತಿ. ಹಾಂ, ನಾಲ್ಕೈದು ಜನ. ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಬರುವ ಮುಂಚೆ ಟೈಪ್ ಮಾಡಿದ ಕಡತವನ್ನು ಇವತ್ತು ತೆರೆದರೆ ಏನು ಕಾಣುತ್ತೆ? ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ. ಬರೆದವರು ನಾವು, ಭಾಷೆ ನಮ್ಮದು, ಓದಲು ಮಾತ್ರ ಆಗಲ್ಲ. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಕಡತಗಳು ಬದುಕಿದ್ದು ಹೇಗೆ? ಯಾವ ಸಂಕೇತಕ್ಕೆ ಯಾವ ಅಕ್ಷರ ಅಂತ ಕೂತು ಬಿಡಿಸಿ, ಪರಿವರ್ತಕ ಬರೆದು, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟವರಿಂದ. ಮುಕ್ತ ತಂತ್ರಾಂಶ ಅಂದರೆ ಇದೇ. ಒಳಗೆ ಏನಿದೆ ನೋಡಬಹುದು, ತಿದ್ದಬಹುದು, ಹಂಚಬಹುದು. ಮಾಡಿದವರು ಬಾಗಿಲು ಹಾಕಿಕೊಂಡು ಹೋದರೂ ಕೀಲಿಕೈ ನಮ್ಮಲ್ಲೇ ಉಳಿಯುತ್ತೆ. ವಿಡಿಯೋ ನೋಡುವ ವಿಎಲ್‌ಸಿ, ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್, ಕಾಗದಪತ್ರ ಬರೆಯುವ ಲಿಬ್ರೆಆಫೀಸ್ ಎಲ್ಲ ಈ ಜಾತಿಯವು. ಇದರ ಬಗ್ಗೆಯೇ ಅರ್ಧ ಗಂಟೆ ಮಾತಾಡಬೇಕು ಅಂತ ಬರೆದುಕೊಂಡು ಬಂದಿದ್ದೆ.

ಚೀಟಿ ಬಂತು, ಹತ್ತು ನಿಮಿಷ ಇದೆಯಂತೆ. ಬೇಗ ಬೇಗ ಹೇಳುತ್ತೇನೆ.

ಹೆಬ್ಬೆಟ್ಟು. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚು ಕದ್ದು, ಆಧಾರ್ ಮೂಲಕ ಬ್ಯಾಂಕಿನಿಂದ ಹಣ ತೆಗೆದ ದೂರುಗಳು ಬೆಂಗಳೂರಿನಲ್ಲೇ ಬಂದವು. ಓಟಿಪಿಯೂ ಬರಲಿಲ್ಲ. ಪಾಸ್‌ವರ್ಡ್ ಆದರೆ ಬದಲಿಸಬಹುದು, ಬೆರಳು ಬದಲಿಸೋದು ಹೇಗೆ? ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್‌ಗೆ, ಅಂದರೆ ಬೆರಳಚ್ಚಿನಂಥ ಗುರುತುಗಳಿಗೆ, ಬೀಗ ಹಾಕುವ ವ್ಯವಸ್ಥೆ ಇದೆ. ಹಾಕಿ. ರೇಷನ್ ತರುವ ದಿನ ತೆಗೆದು, ಮತ್ತೆ ಹಾಕಿ.

ವಾಟ್ಸಾಪ್. ಸಂದೇಶಗಳಿಗೆ ಗೂಢಲಿಪಿ 2016ರಿಂದ ಇದೆ. ಕಂಪನಿಯವರೂ ಓದಲಾರರು. ಆದರೆ ಬ್ಯಾಕಪ್, ಅಂದರೆ ಸಂದೇಶಗಳ ಉಳಿಸಿಟ್ಟ ಪ್ರತಿ, ಬೇರೆ. ಅದಕ್ಕೂ ಗೂಢಲಿಪಿಯ ಬೀಗ ಬೇಕು ಅಂದರೆ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. 2021ರಿಂದ ಆ ಸೌಲಭ್ಯ ಇದೆ.

2023ರ ದತ್ತಾಂಶ ರಕ್ಷಣೆ ಕಾಯ್ದೆ. ನಮ್ಮ ಮಾಹಿತಿ ತಿದ್ದಿಸುವ, ಅಳಿಸುವ ಹಕ್ಕು ಅದರಲ್ಲಿದೆ. ಸರ್ಕಾರ ತನಗೇ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯೂ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಇನ್ನೊಮ್ಮೆ ಕರೆದರೆ ಅದನ್ನೇ ಮಾತಾಡುತ್ತೇನೆ.

ಟಾರ್ಚ್ ಆ್ಯಪ್ ನಿಮ್ಮ ಫೋನ್‌ಬುಕ್ ಕೇಳಿದರೆ ಕೊಡಬೇಡಿ. ಫೋಟೋಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯಲ್ಲಿರಲಿ. ಪಾಸ್‌ವರ್ಡ್ ನೆನಪಿರಲ್ಲ ಅಂದರೆ ಕಾಗದದಲ್ಲಿ ಬರೆದು, ಜಮೀನಿನ ಕಾಗದ ಇಡುವ ಪೆಟ್ಟಿಗೆಯಲ್ಲೇ ಇಡಿ. ಅಂಗಡಿಯ ನೋಟ್‌ಬುಕ್ಕಿಗಿಂತ ಅದು ಎಷ್ಟೋ ವಾಸಿ.

ಹೊರಗೆ ಟೀ ಇದೆ. ಅದರ ಪಕ್ಕದ ಮೇಜಿನಲ್ಲಿ ಚಿಕ್ಕಮ್ಮನೂ ನಾನೂ ಕೂತಿರುತ್ತೇವೆ. ಈಗ ಅವರಿಗೆ ಇದೆಲ್ಲ ನನ್ನಷ್ಟೇ ಗೊತ್ತು. ಫೋನ್ ತನ್ನಿ, ಖಾತೆಗೆ ಯಾರ ನಂಬರ್ ಜೋಡಿಸಿದೆ ಅಂತ ತೆಗೆದು ನೋಡೋಣ. ಬೇರೆಯವರದ್ದಿದ್ದರೆ ಇವತ್ತೇ ಬದಲಿಸಿಕೊಂಡು ಹೋಗಿ. ನೀವು ಪಾಸ್‌ವರ್ಡ್ ಒತ್ತುವಾಗ ನಾವಿಬ್ಬರೂ ಆ ಕಡೆ ತಿರುಗಿ ಮಳೆ ನೋಡುತ್ತಿರುತ್ತೇವೆ.