ಬೈಗುಳ ನೆನಪಿರುತ್ತೆ, ಪಾಠ ಯಾಕೆ ಮರೆತುಹೋಗುತ್ತೆ?

[ದೃಶ್ಯ: ಗಾಜಿನ ಟೆಸ್ಟ್‌ಟ್ಯೂಬ್, ತಳದಲ್ಲಿ ರಕ್ತ, ಪಕ್ಕದಲ್ಲಿ ಗಡಿಯಾರ]

ರಾಯಚೂರು ಕಡೆ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿಸಿಕೊಂಡವರು ರಾತ್ರಿ ಕ್ಯಾಶುವಾಲಿಟಿಗೆ ಬಂದರೆ ಹೌಸ್ ಸರ್ಜನ್ (ಎಂ.ಬಿ.ಬಿ.ಎಸ್. ಮುಗಿಸಿ ತರಬೇತಿಯಲ್ಲಿರುವ ಡಾಕ್ಟರ್) ಈ ಪರೀಕ್ಷೆ ಮಾಡಲೇಬೇಕು. ಒಣಗಿದ, ಹೊಸ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ, 20 ನಿಮಿಷ ಮುಟ್ಟದೆ ಇಟ್ಟು, ಒಮ್ಮೆ ಬಗ್ಗಿಸಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ ಅಂತ ಅನುಮಾನ.

ಒಬ್ಬ ಹುಡುಗ ಪ್ಲಾಸ್ಟಿಕ್ ಟ್ಯೂಬ್ ಬಳಸಿದ ಅಂದುಕೊಳ್ಳಿ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಸಿಸ್ಟರ್, ರೋಗಿ, ಅವರ ಮನೆಯವರು ಎಲ್ಲರ ಮುಂದೆ ಸೀನಿಯರ್ ಡಾಕ್ಟರ್ ಬೈತಾರೆ: "ಏನಪಾ, ಎಂ.ಬಿ.ಬಿ.ಎಸ್. ಹೆಂಗ್ ಪಾಸಾದಿ?"

ಇನ್ನವನು ಪ್ಲಾಸ್ಟಿಕ್ ಮುಟ್ಟಲ್ಲ. ಆದರೆ ಗಾಜಿನ ಮೇಲ್ಮೈಯೇ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 12 ಅನ್ನುವ ರಕ್ತದ ಪ್ರೋಟೀನನ್ನು ಚುರುಕು ಮಾಡುತ್ತೆ, ಪ್ಲಾಸ್ಟಿಕ್ ಹಾಗೆ ಮಾಡಲ್ಲ ಅನ್ನುವುದು ತಲೆಗೆ ಹೋಗಲೇ ಇಲ್ಲ. ಮುಂದಿನ ಸಲ ಸೋಪಿನಲ್ಲಿ ತೊಳೆದ ಗಾಜಿನ ಟ್ಯೂಬ್ ತಗೊಳ್ತಾನೆ. ಸೋಪಿನ ಅಂಶ ಉಳಿದರೂ ರಕ್ತ ಹೆಪ್ಪುಗಟ್ಟಲ್ಲ. ತಪ್ಪು ಅದೇ, ವೇಷ ಬೇರೆ. ಬೇಡದವರಿಗೆ ಆ್ಯಂಟಿ ವೆನಮ್ (ಹಾವಿನ ವಿಷ ಇಳಿಸುವ ಮದ್ದು) ಹೋಗುತ್ತೆ, ಅದರ ರಿಯಾಕ್ಷನ್ ಸಣ್ಣದಲ್ಲ.

[ದೃಶ್ಯ: ನಾಲ್ಕು ಖಾನೆಯ ಡಬ್ಬಿ]

ಆ ಕ್ಷಣಕ್ಕೆ ಮನಸ್ಸು ಹಿಡಿದಿಟ್ಟುಕೊಳ್ಳುವುದು ಸುಮಾರು 4 ಸಂಗತಿ. "ಸರ್ ಮುಖ ಹೆಂಗಿದೆ", "ಎಲ್ಲರೂ ನಗ್ತಿದ್ದಾರಾ" ಅಂತ ಎರಡು ಖಾನೆ ತುಂಬಿದರೆ ಕಾರಣ-ಪರಿಣಾಮಕ್ಕೆ ಜಾಗ ಎಲ್ಲಿ? ಬೈಸಿಕೊಂಡ 20-30 ನಿಮಿಷಕ್ಕೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿರುತ್ತೆ, ಆಗ ರಾತ್ರಿ ಓದಿದ ಉತ್ತರವೂ ಬಾಯಿಗೆ ಬರಲ್ಲ. ಅದನ್ನು ನೋಡಿ ಇನ್ನೊಂದು ಸುತ್ತು ಬೈಗುಳ!

ಹಾಗಂತ ಭಯವೇ ಬೇಡ ಅಂತಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಮನೋವಿಜ್ಞಾನಿಗಳು ಇಲಿಗಳ ಮೇಲೆ ನೋಡಿದ್ದು ಇದನ್ನೇ: ಸುಲಭದ ಕೆಲಸ ಕಲಿಯಲು ಜೋರು ಕರೆಂಟ್ ಶಾಕ್ ನಡೆಯುತ್ತೆ, ಕಷ್ಟದ್ದಕ್ಕೆ ಅದೇ ಶಾಕ್ ಕೆಡಿಸುತ್ತೆ.

ನಾಚಿಕೆ ಮಾತ್ರ ಬೇರೆ ಜಾತಿ. "ಮಾಡಿದ್ದು ತಪ್ಪಾಯ್ತು" ಅನ್ನುವವನು ಸಿಸ್ಟರನ್ನು ಕೇಳ್ತಾನೆ. "ನಾನೇ ನಾಲಾಯಕ್ಕು" ಅನ್ನುವವನು ಕೇಸ್ ಶೀಟ್‌ನಲ್ಲಿ ಟ್ಯೂಬಿನ ವಿಷಯವೇ ಬರೆಯಲ್ಲ.

ಸೀನಿಯರ್‌ಗಳೇ, ರೋಗಿಗೆ ಅಪಾಯವಿದ್ದರೆ ಬೆಡ್ ಹತ್ತಿರ ಒಂದೇ ವಾಕ್ಯದಲ್ಲಿ ತಡೆಯಿರಿ. ಉಳಿದದ್ದು ರೌಂಡ್ಸ್ ಮುಗಿದ ಮೇಲೆ, ಪಕ್ಕಕ್ಕೆ ಕರೆದು, 5 ನಿಮಿಷ: "ಗಾಜೇ ಯಾಕೆ?" ಉತ್ತರ ಅವನಿಂದಲೇ ಬರಲಿ. ನಂತರ ಅವನ ಕೈಯಲ್ಲೇ ಇನ್ನೊಮ್ಮೆ ಮಾಡಿಸಿ.

ಹೌಸ್ ಸರ್ಜನ್‌ಗಳೇ, ಅದೇ ಸಂಜೆ ಮೂರು ಸಾಲು ಬರೆದಿಡಿ: ಏನು ಮಾಡಿದೆ, ಏನಾಯ್ತು, ಯಾಕಾಯ್ತು. ಮೂರನೇ ಸಾಲು ಖಾಲಿ ಉಳಿದರೆ ಪಾಠ ಇನ್ನೂ ಆಗಿಲ್ಲ. ನಿದ್ದೆ ಬಿಟ್ಟು ಬರೆಯಬೇಡಿ.

ವಾರಗಟ್ಟಲೆ ವಾರ್ಡಿಗೆ ಹೋಗಲು ಕಾಲೇ ಏಳದಿದ್ದರೆ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ), 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ನೈಟ್ ಡ್ಯೂಟಿ ಮಧ್ಯೆಯೂ ಸಿಗ್ತಾರೆ.