ಹೋಗಿ ನೋಡಿ ಬರೆದ ಬ್ಯಾಲಂಟೈನ್

ಕೇಳುಗರಿಗೆ ನಮಸ್ಕಾರ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಡುಗರಿಗಾಗಿ ಸಾಹಸದ ಕಾದಂಬರಿ ಬರೆದು ಹೆಸರು ಮಾಡಿದವರು ಆರ್. ಎಂ. ಬ್ಯಾಲಂಟೈನ್. ಅವರ ಬಗ್ಗೆ ಒಂದೇ ಮಾತು ನೆನಪಿಡಿ. ಈ ಮನುಷ್ಯ ಹೋಗಿ ನೋಡಿ ಬರೆದವರು.

ಹುಟ್ಟಿದ್ದು 1825ರಲ್ಲಿ, ಎಡಿನ್‌ಬರೋದಲ್ಲಿ. 16ನೇ ವಯಸ್ಸಿಗೇ ಕೆನಡಾಕ್ಕೆ ಹೋಗಿ ಹಡ್ಸನ್ಸ್ ಬೇ ಕಂಪನಿಯಲ್ಲಿ ಗುಮಾಸ್ತರಾದರು. ಪ್ರಾಣಿಗಳ ತುಪ್ಪಳದ ವ್ಯಾಪಾರ. ಅಲ್ಲಿಂದ ಅಮ್ಮನಿಗೆ ಉದ್ದುದ್ದ ಕಾಗದ ಬರೆದರು. ಬರವಣಿಗೆ ಕೈಹತ್ತಿದ್ದು ಹಾಗೆ. ಮೊದಲ ಪುಸ್ತಕಗಳಲ್ಲಿ ಇರುವುದೂ ಆ ಕೆನಡಾವೇ.

ಆಮೇಲೆ ನೋಡದ ಜಾಗದ ಬಗ್ಗೆ ಬರೆದರು. 'ದ ಕೋರಲ್ ಐಲೆಂಡ್', 1857ರ ಸುಮಾರಿಗೆ ಬಂದದ್ದು. ಹಡಗು ಒಡೆದು ಮೂವರು ಹುಡುಗರು ಪೆಸಿಫಿಕ್ ಸಾಗರದ ಒಂದು ದ್ವೀಪ ಸೇರುತ್ತಾರೆ. ಒಬ್ಬ ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಾನೆ. ಜೇಬಿನ ಪುಟ್ಟ ಚಾಕುವಿನಿಂದ ತೂತು ಕೊರೆದು ಗಟಗಟ ಕುಡಿಯುತ್ತಾನೆ. ಲೆಮನೇಡ್ ಥರ ಇದೆ ಅಂತಾನೆ! ಸ್ವಾಮಿ, ಸಿಪ್ಪೆ ಎಲ್ಲಿ? ನಾರು ಎಲ್ಲಿ ಹೋಯ್ತು? ಎಳನೀರು ಕೆತ್ತಲು ಮಚ್ಚು ಬೇಡವೇ? ಪಾಪ, ಬ್ಯಾಲಂಟೈನ್ ನೋಡಿದ್ದು ಬ್ರಿಟನ್ನಿನ ಅಂಗಡಿಯಲ್ಲಿ ಮಾರುವ ಸುಲಿದ ಕಾಯಿ. ಮರದಲ್ಲೂ ಅದು ಹಾಗೇ ಬಿಡುತ್ತದೆ ಅಂದುಕೊಂಡಿದ್ದರು. ತಿಪಟೂರಿನ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಆ ದ್ವೀಪದ ಜನರ ಬಗ್ಗೆ ಬರೆದದ್ದೂ ಹಾಗೇ, ನೋಡದೆ ಬರೆದದ್ದು. ಇವತ್ತು ಓದಿದರೆ ಸಿಟ್ಟು ಬರುತ್ತದೆ.

ಸುಮ್ನೆ ಗೇಲಿ ಮಾಡಲು ಹೇಳುತ್ತಿಲ್ಲ. ಕಾಯಿಯ ವಿಷಯ ಗೊತ್ತಾದಾಗ ಅವರಿಗೆ ತುಂಬಾ ಮುಜುಗರವಾಯಿತು. ಇನ್ನು ಆದಷ್ಟೂ ಹೋಗಿ ನೋಡಿಯೇ ಬರೆಯುತ್ತೇನೆ ಎಂದು ತೀರ್ಮಾನಿಸಿದರು. ಬರೆದರು ಕೂಡ! ದೀಪಸ್ತಂಭದ ಕಥೆಗಾಗಿ ಉತ್ತರ ಸಮುದ್ರದ ಬೆಲ್ ರಾಕ್‌ಗೆ ಹೋಗಿ, ದೀಪ ನೋಡಿಕೊಳ್ಳುವವರ ಜೊತೆಯಲ್ಲೇ ಉಳಿದರು. ಉಬ್ಬರ ಬಂದರೆ ಆ ಬಂಡೆ ನೀರಿನಡಿ ಮುಳುಗುತ್ತದೆ, ಗೊತ್ತಾ? ಬೆಂಕಿ ಆರಿಸುವವರ ಕಥೆಗಾಗಿ ಲಂಡನ್ ಫೈರ್ ಬ್ರಿಗೇಡ್ ಜೊತೆ ಓಡಿದರು. ಗಣಿಯ ಕಥೆಗಾಗಿ ಕಾರ್ನ್‌ವಾಲ್‌ಗೆ ಹೋಗಿ ಗಣಿಗೇ ಇಳಿದರು. ಹೋಗಿ ನೋಡಿದರು, ಬರೆದರು. ಇಷ್ಟೇ ನಾನು ಹೇಳುವುದು.

ಅಯ್ಯೋ, ಸಮಯ ಆಗುತ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ಬೆಲ್ ರಾಕ್ ದೀಪಸ್ತಂಭ ಕಟ್ಟಿಸಿದ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್. ಅವರ ಮೊಮ್ಮಗ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ನೇ 'ಟ್ರೆಷರ್ ಐಲೆಂಡ್' ಕಾದಂಬರಿ ಬರೆದವರು. ಆ ಪುಸ್ತಕದ ಶುರುವಿನ ಪದ್ಯದಲ್ಲಿ ಬ್ಯಾಲಂಟೈನ್ ಹೆಸರಿದೆ. ಬ್ಯಾಲಂಟೈನ್, ಈ ಮೊಮ್ಮಗ, ಇಬ್ಬರೂ ತೀರಿಕೊಂಡದ್ದು 1894ರಲ್ಲೇ. ಬ್ಯಾಲಂಟೈನ್ ಆಗ ರೋಮ್‌ನಲ್ಲಿದ್ದರು.

ಜನಕ್ಕೆ ಇವತ್ತಿಗೂ ಜಾಸ್ತಿ ಗೊತ್ತಿರುವುದು 'ಕೋರಲ್ ಐಲೆಂಡ್' ಒಂದೇ. ನನಗೆ ಅದೇ ಬೇಜಾರು. ನೀವು 1865ರ 'ದ ಲೈಟ್‌ಹೌಸ್' ಹುಡುಕಿ ಓದಿ. ಹಳೇ ಇಂಗ್ಲಿಷು, ಮೊದಮೊದಲು ಸ್ವಲ್ಪ ಕಷ್ಟ. ಆಮೇಲೆ ತಾನಾಗಿ ಓಡುತ್ತದೆ. ನಮಸ್ಕಾರ.